ಅಟ್ಟದ ಮೇಲಿನ ವ್ಯಾಗ್ನರ್ ಸಾಕು, ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ಕಥೆ ಬರೆಯಿರಿ

ಈಗಷ್ಟೇ ಒಂದು ಕಥೆ ಓದಿ ಮುಗಿಸಿದೆ. ಅಮೆರಿಕದಲ್ಲಿ ನಡೆಯುವ ಕನ್ನಡ ಕಥೆ. ಹೆಸರು ಹೇಳುವುದಿಲ್ಲ. ಬರೆದವರ ಜತೆ ನನಗೆ ಜಗಳವಿಲ್ಲ, ಭಾಷೆಯೂ ಚೆನ್ನಾಗಿದೆ. ಆದರೆ ನಡುವೆ ಒಂದು ಬೇಸ್‌ಬಾಲ್ ಕಾರ್ಡು ಬರುತ್ತದೆ (ಸಿಗರೇಟು, ಮಿಠಾಯಿ, ಗಮ್ ಜತೆ ಕೊಡುತ್ತಿದ್ದ, ಆಟಗಾರನ ಚಿತ್ರವಿರುವ ಕಾರ್ಡು), ಅಲ್ಲಿಂದ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಹಳೇ ಕಾರ್ಡುಗಳ ಮಾತು ಬಂದರೆ ನಾನು ಸುಮ್ಮನಿರುವವನಲ್ಲ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಇದು ಉದ್ದವಾಗುತ್ತದೆ, ಪುರುಸೊತ್ತಿದ್ದರೆ ಓದಿ.

ಕಥೆಯಲ್ಲಿ ಆಗುವುದಿಷ್ಟು. ಹಳೇ ಮನೆ ಕೊಂಡ ಕುಟುಂಬ. ಅಟ್ಟದ ಮೇಲೊಂದು ಷೂ ಡಬ್ಬ. ಡಬ್ಬದೊಳಗೆ ಹಳೇ ಕಾಲದ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು, ಕೋಟಿಗಟ್ಟಲೆ ಬೆಲೆಯದ್ದು. ಅದು ಪೋಸ್ಟ್‌ಕಾರ್ಡಿನಷ್ಟು ದೊಡ್ಡದು, ಫಳಫಳ ಹೊಳೆಯುತ್ತದೆ, ಮೂಗಿಗೆ ಹಿಡಿದರೆ ಬಬಲ್‌ಗಮ್ ವಾಸನೆ. ಮರುದಿನ ಅಂಗಡಿಗೆ ಒಯ್ದು ಮಾರುತ್ತಾರೆ, ಮಗಳ ಕಾಲೇಜಿನ ಫೀಸು ಕಟ್ಟುತ್ತಾರೆ. ಮುಗಿಯಿತು.

ಆ ದುಬಾರಿ ವ್ಯಾಗ್ನರ್ ಕಾರ್ಡು ಇರುವುದು ಟಿ206 ಎಂಬ ಸೆಟ್ಟಿನಲ್ಲಿ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕುಗಳೊಳಗೆ ಹಾಕಿದ 524 ಕಾರ್ಡುಗಳ ಸೆಟ್ ಅದು. ಸಿಗರೇಟ್ ಪ್ಯಾಕಿನೊಳಗೆ ಹೋಗಬೇಕಾದ್ದು, ಪ್ಯಾಕ್ ನಜ್ಜುಗುಜ್ಜಾಗದಂತೆ ಬಿಗಿಯಾಗಿ ಹಿಡಿಯಬೇಕಾದ್ದು ಪೋಸ್ಟ್‌ಕಾರ್ಡಿನಷ್ಟು ಹೇಗಿದ್ದೀತು? ಅಗಲ ಒಂದೂವರೆ ಇಂಚಿಗೂ ಸ್ವಲ್ಪ ಕಡಿಮೆ, ಎತ್ತರ ಎರಡೂವರೆ ಇಂಚಿಗೆ ಸ್ವಲ್ಪ ಜಾಸ್ತಿ. ಅಂಗೈಯಲ್ಲಿ ಇಟ್ಟು ಮುಷ್ಟಿ ಮುಚ್ಚಿದರೆ ಬಹುಪಾಲು ಮರೆಯಾಗುತ್ತದೆ. ಗಮ್ ವಾಸನೆ ಬರಲು ಸಾಧ್ಯವೇ ಇಲ್ಲ, ಗಮ್ ಜತೆ ಕಾರ್ಡು ಕೊಡುವ ಪದ್ಧತಿ ಜೋರಾಗಿದ್ದು 1930ರ ದಶಕದಲ್ಲಿ. ಹೊಳಪೂ ಇಲ್ಲ. ಅದು ಕಲ್ಲಚ್ಚಿನ ಮುದ್ರಣ, ಬಣ್ಣದ ಮೇಲೆ ಬಣ್ಣ ಕೂರಿಸಿದ್ದು. ಮೇಲ್ಮೈ ಮಂಕು, ಕಾಗದ ಕೆನೆಬಣ್ಣಕ್ಕೆ ತಿರುಗಿರುತ್ತದೆ. ಇನ್ನು ಮರುದಿನ ಮಾರಾಟ! ಅಂಥ ಕಾರ್ಡನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ಪರೀಕ್ಷಿಸುವ ಸಂಸ್ಥೆಯವರು ಅಳೆದು, ಭೂತಗನ್ನಡಿಯಲ್ಲಿ ನೋಡಿ, ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಬೇಕು. ಆಮೇಲೆ ಹರಾಜಿನ ಸಂಸ್ಥೆ ಕ್ಯಾಟಲಾಗ್ ಮಾಡಬೇಕು, ಹರಾಜು ನಡೆಯಬೇಕು, ದುಡ್ಡು ಬರಬೇಕು. ತಿಂಗಳುಗಳ ಕೆಲಸ. ಆ ತಿಂಗಳುಗಳಲ್ಲಿ ಆ ಮನೆಯೊಳಗೆ ಏನೇನು ನಡೆದೀತು, ಯಾರು ಯಾರ ಮೇಲೆ ಅನುಮಾನಪಟ್ಟಾರು ಅನ್ನುವುದೇ ಕಥೆ. ಅದನ್ನು ಬಿಟ್ಟು ಮರುದಿನವೇ ದುಡ್ಡು ಎಣಿಸಿಬಿಟ್ಟರೆ ಹೇಗೆ?

ನನ್ನ ತಕರಾರು ಇದೊಂದೇ ಕಥೆಯದ್ದಲ್ಲ. ಇಂಗ್ಲಿಷಿನಲ್ಲೂ ಇದೇ ಹಾಡು. ಕಾರ್ಡು ಬಂತೆಂದರೆ ಅಟ್ಟ, ಅಟ್ಟದಲ್ಲಿ ವ್ಯಾಗ್ನರ್, ವ್ಯಾಗ್ನರ್ ಅಂದರೆ ಕೋಟಿ. ಕಥೆಗಾರರು ಕಾರ್ಡನ್ನು ಲಾಟರಿ ಟಿಕೆಟ್ ಮಾಡಿಬಿಟ್ಟಿದ್ದಾರೆ. ಕಾರ್ಡಿನ ದಪ್ಪ, ಅಂಚು, ಹಿಂಬದಿಯ ಕಲೆ, ನಂಬರು, ಯಾರ ಕೈಯಲ್ಲಿ ಎಷ್ಟು ಸವೆಯಿತು, ಇದು ಯಾವುದೂ ಅವರಿಗೆ ಬೇಡ. ಬೆಲೆ ಮಾತ್ರ ಬೇಕು.

"ಅಟ್ಟದಲ್ಲಿ ನಿಜವಾಗಿಯೂ ಸಿಕ್ಕಿದೆಯಲ್ಲ" ಅಂತ ಯಾರಾದರೂ ಕಾಮೆಂಟಿನಲ್ಲಿ ಬರುತ್ತೀರಿ, ಗೊತ್ತು. ಹೌದು, ಸಿಕ್ಕಿದೆ. 2012ರಲ್ಲಿ ಓಹಾಯೊದ ಡಿಫೈಯನ್ಸ್ ಎಂಬ ಊರಿನಲ್ಲಿ ಸುಮಾರು 700 ಕಾರ್ಡುಗಳು ಅಟ್ಟದ ಮೇಲೆ ಸಿಕ್ಕವು. ಆದರೆ ಅಲ್ಲಿ ಏನಾಯಿತು ಅಂತ ನೋಡಿ. ಅವು ಟಿ206 ಅಲ್ಲ, 1910ರ ಸುಮಾರಿನ ಇ98 ಎಂಬ ಮಿಠಾಯಿ ಕಾರ್ಡುಗಳು, 30 ಆಟಗಾರರ ಸಣ್ಣ ಸೆಟ್. ಅದರಲ್ಲಿ ವ್ಯಾಗ್ನರ್ ಇದ್ದ, ಟೈ ಕಾಬ್ ಇದ್ದ, ಆದರೆ ಕೋಟಿಗಟ್ಟಲೆ ಬೆಲೆಯ ಆ ವ್ಯಾಗ್ನರ್ ಅಲ್ಲ. ಮನೆಯ ಹಿರಿಯರು ಮಾಂಸದಂಗಡಿ ನಡೆಸುತ್ತಿದ್ದರು, ಕಾರ್ಡುಗಳು ಅಂಗಡಿಯಲ್ಲಿ ಉಳಿದವು ಇರಬೇಕು. ಯಾವ ಹುಡುಗನೂ ಆ ಕಾರ್ಡುಗಳ ಜತೆ ಆಡಿರಲಿಲ್ಲ, ಅದಕ್ಕೇ ಮೂಲೆಗಳು ಚೂಪಾಗಿ ಉಳಿದಿದ್ದವು. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ನಡೆಸಿದ ಮೊದಲ ಹರಾಜಿನಲ್ಲೇ 5 ಲಕ್ಷ ಡಾಲರ್ ಮೀರಿ ಬಂತು. ಆಸ್ತಿಗೆ ವಾರಸುದಾರರು 20 ಮಂದಿ. ಸಮನಾಗಿ ಹಂಚಿಕೊಂಡರು. ಎಲ್ಲವನ್ನೂ ಒಮ್ಮೆಲೇ ಮಾರಿದರೆ ಬೆಲೆ ಬಿದ್ದುಹೋಗುತ್ತದೆಂದು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಟ್ಟರು. ಇಷ್ಟೊಂದು ಕಾರ್ಡು ಒಟ್ಟಿಗೆ ಹೊರಬಿದ್ದಾಗ, ಅದೇ ಸೆಟ್ಟಿನ ಒಂದು ಒಳ್ಳೇ ಕಾರ್ಡನ್ನು ಅಪರೂಪದ್ದೆಂದು ಜೋಪಾನ ಮಾಡಿಟ್ಟವನ ಎದೆಯಲ್ಲಿ ಏನಾಗಿರಬೇಕು? ಆ ಮನುಷ್ಯನ ಬಗ್ಗೆ ಒಂದು ಕಥೆ ಬರೆಯಿರಿ, ನಾನು ಓದುತ್ತೇನೆ. ಅಟ್ಟ ಹತ್ತಿದವನ ಕಥೆ ಸಾಕು.

ಅಂದಹಾಗೆ, ಅಟ್ಟ ಕಾಗದಕ್ಕೆ ಕೆಟ್ಟ ಜಾಗ. ಬೇಸಿಗೆಯಲ್ಲಿ ಸೂರಿನ ಕೆಳಗೆ ಬೇಯುತ್ತದೆ, ಚಳಿಗಾಲದಲ್ಲಿ ಒಣಗುತ್ತದೆ. ತೇವ ಏರಿ ಇಳಿದು ಕಾರ್ಡು ಬಿಲ್ಲಿನಂತೆ ಬಾಗುತ್ತದೆ, ಅಂಟು ಇದ್ದಲ್ಲಿ ಹುಳ ತಿನ್ನುತ್ತದೆ. ಅಟ್ಟದಿಂದ ಬರುವ ಬಹುಪಾಲು ಕಾರ್ಡುಗಳಿಗೆ ರಬ್ಬರ್ ಬ್ಯಾಂಡಿನ ಗಾಯ ಇದ್ದೇ ಇರುತ್ತದೆ.

ರಬ್ಬರ್ ಬ್ಯಾಂಡ್ ಅಂದೆನಲ್ಲ, ಅಲ್ಲಿಗೇ ಬರುತ್ತೇನೆ, ಏಕೆಂದರೆ ಇಂಥದ್ದನ್ನು ಯಾವ ಕಥೆಗಾರನೂ ಕಲ್ಪಿಸಿಕೊಂಡು ಬರೆಯಲಾರ. ಟಾಪ್ಸ್ ಎಂಬ ಗಮ್ ಕಂಪನಿಯ 1952ರ ಸೆಟ್‌ನಲ್ಲಿ 407 ಕಾರ್ಡುಗಳು. ಒಂದನೇ ನಂಬರು ಆ್ಯಂಡಿ ಪಾಫ್ಕೊ, ಕೊನೆಯದು ಎಡ್ಡಿ ಮ್ಯಾಥ್ಯೂಸ್. ಹುಡುಗರು ನಂಬರಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಕಟ್ಟಿನ ಮೇಲ್ಗಡೆ ಯಾವಾಗಲೂ ಪಾಫ್ಕೊ, ತಳದಲ್ಲಿ ಮ್ಯಾಥ್ಯೂಸ್. ಬ್ಯಾಂಡು ಕಚ್ಚಿದ್ದು ಅವರಿಬ್ಬರನ್ನೇ, ಮೇಜಿಗೆ ಉಜ್ಜಿದ್ದು, ಚಹಾ ಬಿದ್ದಿದ್ದು ಅವರ ಮೇಲೇ. ಪಾಫ್ಕೊ ಒಳ್ಳೇ ಆಟಗಾರ, ಆದರೆ ಮಿಕ್ಕಿ ಮ್ಯಾಂಟಲ್‌ನಂಥ ದಂತಕಥೆಯೇನಲ್ಲ. ಆದರೂ ಚೊಕ್ಕ ಸ್ಥಿತಿಯ ಪಾಫ್ಕೊ ಕಾರ್ಡಿಗೆ ಜನ ಸಾವಿರಗಟ್ಟಲೆ ಡಾಲರ್ ಕೊಡುತ್ತಾರೆ. ನಡುವಿನ ಕಾರ್ಡುಗಳನ್ನು ಕಾಪಾಡಿ ತಾನು ಸವೆದ ಕಾರ್ಡು ಅದು. ಇದಕ್ಕಿಂತ ಒಳ್ಳೇ ಕಥೆ ಬೇಕೆ?

ಅದೇ ಸೆಟ್ಟಿನ 311ನೇ ನಂಬರು ಮಿಕ್ಕಿ ಮ್ಯಾಂಟಲ್. 2022ರಲ್ಲಿ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹೋಯಿತು. ಕಥೆಗಳಲ್ಲಿ ಇದನ್ನು "ಮ್ಯಾಂಟಲ್‌ನ ರೂಕಿ ಕಾರ್ಡು", ಅಂದರೆ ಅವನ ಮೊದಲ ಕಾರ್ಡು, ಅಂತ ಬರೆಯುತ್ತಾರೆ. ತಪ್ಪು. ಅವನ ರೂಕಿ ಕಾರ್ಡು ಬೋಮನ್ ಕಂಪನಿಯ 1951ರ ಸೆಟ್ಟಿನ ನಂಬರ್ 253. "ಪ್ರಪಂಚದಲ್ಲಿ ಕೆಲವೇ ಇವೆ" ಅಂತಲೂ ಬರೆಯುತ್ತಾರೆ. ಅದೂ ತಪ್ಪು. ಸೆಟ್ ಕಂತುಕಂತಾಗಿ ಹೊರಬಂತು, ಅದರ ಕೊನೆಯ ಕಂತಿನಲ್ಲಿ ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್ ಕಾರ್ಡುಗಳು ಒಂದೇ ಹಾಳೆಯಲ್ಲಿ ಎರಡೆರಡು ಸಲ ಅಚ್ಚಾಗಿವೆ. ಅಂದರೆ ಅದೇ ಕಂತಿನ ಯಾರಿಗೂ ನೆನಪಿಲ್ಲದ ಆಟಗಾರರ ಕಾರ್ಡುಗಳು ಮ್ಯಾಂಟಲ್‌ಗಿಂತ ಕಡಿಮೆ ಅಚ್ಚಾದವು. ಸೆಟ್ ಪೂರ್ತಿ ಮಾಡುವವರಿಗೆ ನಿದ್ದೆಗೆಡಿಸುವುದು ಅವು.

ಆ ಕಂತು ಅಷ್ಟು ವಿರಳವಾಗಿದ್ದಕ್ಕೂ ಕಾರಣವಿದೆ. 311ರಿಂದ 407ರವರೆಗಿನ 97 ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು, ಹುಡುಗರ ಮನಸ್ಸು ಫುಟ್‌ಬಾಲ್ ಕಡೆ ಹೊರಳಿತ್ತು. ಅಂಗಡಿಯವರು ಬೇಡವೆಂದರು. ಸರಕು ಬ್ರೂಕ್ಲಿನ್‌ನ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿತು. 1960ರ ಸುಮಾರಿಗೆ, ಆ ಸೆಟ್ಟನ್ನು ರೂಪಿಸಿದವರಲ್ಲಿ ಒಬ್ಬರಾದ ಸೈ ಬರ್ಗರ್ ಅವರೇ ನೂರಾರು ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಇದು ಅವರೇ ಹೇಳಿಕೊಂಡ ವಿಷಯ. ತಾನು ಕೈಯಾರೆ ಮಾಡಿದ್ದನ್ನು ಜಾಗ ಖಾಲಿ ಮಾಡಲು ತಾನೇ ಸಮುದ್ರಕ್ಕೆ ಎಸೆಸುವ ಮನುಷ್ಯ. ಅಂದು ಅದರ ಬೆಲೆ ಸೊನ್ನೆ. ಈ ಪ್ರಸಂಗದ ಸುತ್ತ ಕಾದಂಬರಿ ಕಟ್ಟಬಹುದು, ಒಂದೇ ಒಂದು ಅಟ್ಟವಿಲ್ಲದೆ.

1933ರ ಗೌಡಿ ಸೆಟ್ ಇನ್ನೊಂದು. ಬಾಸ್ಟನ್ನಿನ ಗಮ್ ಕಂಪನಿ. ಕಾರ್ಡುಗಳಿಗೆ ನಂಬರು ಹಾಕಿತು, ಆದರೆ 106ನೇ ನಂಬರನ್ನು ಅಚ್ಚು ಮಾಡಲೇ ಇಲ್ಲ. ಮಕ್ಕಳು 106 ಸಿಗಬಹುದೆಂದು ಗಮ್ ಕೊಳ್ಳುತ್ತಲೇ ಹೋದರು. ಮಹಾ ಆರ್ಥಿಕ ಕುಸಿತದ ವರ್ಷ ಅದು, ಒಂದು ಸೆಂಟ್ ಅಂದರೆ ಮಗುವಿಗೆ ದೊಡ್ಡ ಮೊತ್ತ. ಇದನ್ನು ಬರೆಯುವಾಗಲೂ ನನಗೆ ಆ ಕಂಪನಿಯ ಮೇಲೆ ಕೋಪ ಬರುತ್ತಿದೆ. ಬಿಡದೆ ಪತ್ರ ಬರೆದು ದೂರಿದವರಿಗೆ 1934ರಲ್ಲಿ ಆಟಗಾರ ನ್ಯಾಪ್ ಲಾಜುವೆಯ ಚಿತ್ರವಿರುವ 106ನೇ ಕಾರ್ಡನ್ನು ಅಂಚೆಯಲ್ಲಿ ಕಳಿಸಿದರು, ಕಾಗದಕ್ಕೆ ಕ್ಲಿಪ್ ಹಾಕಿ. ಹಾಗಾಗಿ ಉಳಿದಿರುವ ಲಾಜುವೆ ಕಾರ್ಡುಗಳಲ್ಲಿ ಹಲವಕ್ಕೆ ಕ್ಲಿಪ್ಪಿನ ಒತ್ತು ಇದೆ. ಬೇರೆ ಕಾರ್ಡಿಗೆ ಅದು ಊನ. ಇಲ್ಲಿ ಅದೇ, ಯಾವುದೋ ಮಗು ಪತ್ರ ಬರೆದು ಜಗಳವಾಡಿ ಗೆದ್ದಿತ್ತು ಅನ್ನುವುದರ ಗುರುತು. ಬಬಲ್‌ಗಮ್ ಜತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳನ್ನು ಕೂಡಿಟ್ಟವರು ನಮ್ಮಲ್ಲೂ ಬೇಕಾದಷ್ಟಿದ್ದೀರಿ. ಒಂದೇ ಒಂದು ಸಿಗದೆ ಹೋದರೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

"ಕಥೆ ಅಂದರೆ ಭಾವ, ವಿವರ ಹೆಚ್ಚುಕಮ್ಮಿ ಆದರೆ ಏನಂತೆ" ಅನ್ನುವ ಮಾತೂ ಬರುತ್ತದೆ. ಒಪ್ಪುವುದಿಲ್ಲ. ಇಲ್ಲಿ ಭಾವ ಹುಟ್ಟುವುದೇ ವಿವರದಿಂದ. ಒಂದು ಉದಾಹರಣೆ. ನೂರು ವರ್ಷದ ಹಿಂದೆ ಮಕ್ಕಳು ಟಿ206 ಕಾರ್ಡುಗಳನ್ನು ಮೈದಾ ಅಂಟಿನಲ್ಲಿ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಅದನ್ನು ಬಿಡಿಸುವುದು ಹೀಗೆ: ಆ ಹಾಳೆಯನ್ನು ಕಾರ್ಡಿನ ಸುತ್ತ ಕತ್ತರಿಸಿ, ಅಗಲ ಬಟ್ಟಲಿನಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಮುಳುಗಿಸಬೇಕು. ನಲ್ಲಿ ನೀರು ಬೇಡ, ಅದರ ಲವಣ ಕಲೆ ಬಿಡುತ್ತದೆ. ಬಿಸಿ ನೀರೂ ಬೇಡ. ಅರ್ಧ ಗಂಟೆಯೂ ಆಗಬಹುದು, ಇಡೀ ರಾತ್ರಿಯೂ ಆಗಬಹುದು. ಕಾರ್ಡು ತಾನಾಗಿ ಬಿಡಬೇಕು, ಎಳೆಯಬಾರದು. ಎಳೆದರೆ ಹಿಂಬದಿಯ ಪದರ ಹಾಳೆಯಲ್ಲೇ ಉಳಿದು, ಸಿಗರೇಟ್ ಬ್ರ್ಯಾಂಡಿನ ಹೆಸರೇ ಹೋಗುತ್ತದೆ. ಬಿಟ್ಟ ಮೇಲೆ ಹಿಂಬದಿಯ ಲೋಳೆಯನ್ನು ಒದ್ದೆ ಬೆರಳಿನಿಂದ ಮೆಲ್ಲಗೆ ಜಾರಿಸಿ, ಒತ್ತುಕಾಗದದ ನಡುವೆ ಇಟ್ಟು, ಮೇಲೆ ಭಾರ ಹೇರಿ, ಕಾಗದ ಬದಲಿಸುತ್ತಾ ಕೆಲವು ದಿನ ಬಿಡಬೇಕು. ಬೇಗ ಒಣಗಿಸಿದರೆ ಸುರುಳಿಯಾಗುತ್ತದೆ. ರಬ್ಬರ್ ಸಿಮೆಂಟ್ ಎಂಬ ಅಂಟಿನಲ್ಲಿ ಅಂಟಿಸಿದ್ದರೆ ನೀರಿಗೆ ಬಗ್ಗುವುದಿಲ್ಲ. ಇಡೀ ರಾತ್ರಿ ಬಟ್ಟಲಿನ ಮುಂದೆ ಕೂತ ಒಬ್ಬಳು, ಹಿಂಬದಿಯಲ್ಲಿ ಯಾವ ಬ್ರ್ಯಾಂಡು ಕಾಣಬಹುದೆಂದು ಕಾಯುವುದನ್ನು ಬರೆದು ನೋಡಿ. ಟಿ206ಕ್ಕೆ 16 ಬ್ರ್ಯಾಂಡಿನ ಹಿಂಬದಿಗಳಿವೆ. ಪೀಡ್‌ಮಾಂಟ್ ಬಂದರೆ ಸಾಮಾನ್ಯ, ಅಪರೂಪದ್ದು ಬಂದರೆ ಅದೇ ಮುಖಕ್ಕೆ ಹಲವು ಪಟ್ಟು ಬೆಲೆ. ವ್ಯಾಗ್ನರ್ ಮಾತ್ರ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಈ ಎರಡರಲ್ಲೇ ಸಿಕ್ಕಿದ್ದಾನೆ. ಬೇರೆ ಬ್ರ್ಯಾಂಡಿನ ವ್ಯಾಗ್ನರ್ ಕಥೆಯಲ್ಲಿ ಬಂದರೆ ಅದು ಖೋಟಾ ಕಾರ್ಡು, ಪಾತ್ರಕ್ಕೆ ಅದು ಗೊತ್ತಿರಬೇಕು.

ಖೋಟಾ ಅಂದರೆ ಅದಕ್ಕೂ ಲೆಕ್ಕವಿದೆ. ಈಗಿನ ಮರುಮುದ್ರಣವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಆಟಗಾರನ ಹೆಸರಿನ ಅಕ್ಷರಗಳೂ ಚುಕ್ಕಿಚುಕ್ಕಿ. ಅಸಲಿಯಲ್ಲಿ ಅಕ್ಷರ ಗಟ್ಟಿ ಶಾಯಿ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಈಗಿನ ಕಾಗದ ನೀಲಿಬಿಳಿಯಾಗಿ ಹೊಳೆಯುತ್ತದೆ, ಏಕೆಂದರೆ ಕಾಗದಕ್ಕೆ ಹಾಗೆ ಹೊಳೆಯುವ ಬಿಳುಪುಕಾರಕ ಸೇರಿಸುವುದು ಶುರುವಾಗಿದ್ದೇ ಎರಡನೇ ಮಹಾಯುದ್ಧದ ನಂತರ. ಅಸಲಿ ಕಾರ್ಡಿನ ಅಂಚನ್ನೇ ಕತ್ತರಿಸಿ ಚೂಪು ಮಾಡುವವರೂ ಇದ್ದಾರೆ. ಮುಖದ ತುಂಬ ಸವೆತ, ಮೂಲೆಗಳು ಮಾತ್ರ ಹೊಚ್ಚಹೊಸತು, ಅಂಚಿನ ನಾರು ಮೇಲ್ಮೈಗಿಂತ ಬಿಳಿ ಅಂದರೆ ಕತ್ತರಿ ಬಿದ್ದಿದೆ. ಬರೀ ಅಳತೆ ಕಡಿಮೆ ಇದ್ದರೆ ಸಾಲದು, ಆಗ ಕಾರ್ಖಾನೆಯ ಕತ್ತರಿಕೆಯೇ ಏರುಪೇರಾಗಿತ್ತು. ಪ್ರಪಂಚದ ಅತಿ ಪ್ರಸಿದ್ಧ ವ್ಯಾಗ್ನರ್ ಕಾರ್ಡಿನದ್ದೇ ಈ ಕಥೆ. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜತೆ ಅದನ್ನು 4,51,000 ಡಾಲರಿಗೆ ಕೊಂಡರು, 10ಕ್ಕೆ 8ರ ದರ್ಜೆ ಸಿಕ್ಕಿತು, 2007ರಲ್ಲಿ 28 ಲಕ್ಷ ಡಾಲರಿಗೆ ಹೋಯಿತು. 2013ರಲ್ಲಿ ಹರಾಜುಗಾರ ಬಿಲ್ ಮ್ಯಾಸ್ಟ್ರೊ ಅದರ ಅಂಚುಗಳನ್ನು ತಾನು ಕತ್ತರಿಸಿದ್ದೆನೆಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಆ ಕತ್ತರಿ ಹಿಡಿದ ಕೈಯ ಒಂದು ನಿಮಿಷ ಸಾಕಲ್ಲವೇ ಕಥೆಗೆ?

ಈಗ ಜೆಫರ್ಸನ್ ಬರ್ಡಿಕ್. ಸಿರಾಕ್ಯೂಸ್‌ನಲ್ಲಿದ್ದ ಮನುಷ್ಯ. ಟಿ206, ಇ98 ಅನ್ನುವ ಈ ಹೆಸರುಗಳನ್ನೆಲ್ಲ ಇಟ್ಟವರು ಅವರೇ. ಟಿ ಅಂದರೆ ಇಪ್ಪತ್ತನೇ ಶತಮಾನದ ತಂಬಾಕು, ಎನ್ ಅಂದರೆ ಹತ್ತೊಂಬತ್ತನೆಯದ್ದು, ಇ ಅಂದರೆ ಮೊದಲ ಕಾಲದ ಮಿಠಾಯಿ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಮೂರು ಲಕ್ಷಕ್ಕೂ ಹೆಚ್ಚು ಕಾಗದದ ತುಣುಕುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, ಅಲ್ಲೇ ಮೇಜಿನ ಮುಂದೆ ಕೂತು ವರ್ಷಗಟ್ಟಲೆ ಆಲ್ಬಮ್ಮುಗಳಲ್ಲಿ ಜೋಡಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಆ ಸಂಗ್ರಹದಲ್ಲಿ ವ್ಯಾಗ್ನರ್ ಕೂಡ ಇದೆ, ಬೇರೆ ಕಾರ್ಡುಗಳ ಜತೆಗೇ. ಇವರನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕಾರ್ಡನ್ನು ಬೆಲೆಗಾಗಿ ಮಾತ್ರ ಕಥೆಗೆ ತರುವವರ ಮೇಲಿನ ನನ್ನ ಸಿಟ್ಟಿಗೆ ಮೂಲವೇ ಈ ಮನುಷ್ಯ.

ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಕೂತು ಕನ್ನಡದಲ್ಲಿ ಕಥೆ ಬರೆಯುವ ಗೆಳೆಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಮಡಿಕೆ ಬಿದ್ದ, ಮೂಲೆ ಸವೆದ, ಹೆಸರಿಲ್ಲದ ಆಟಗಾರನ ಒಂದು ಟಿ206 ನೂರು ಡಾಲರಿನೊಳಗೆ ಸಿಗುತ್ತದೆ. ಬರೆಯುವ ಮೊದಲು ಒಂದನ್ನು ಕೊಳ್ಳಿ. ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿದ್ದು ಬೇಡ, ಬಿಡಿ ಕಾರ್ಡು ಕೇಳಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಅಂಚಿನಲ್ಲಿ ಹಿಡಿಯಿರಿ. ಮೊದಲು ಹಿಂಬದಿ ನೋಡಿ, ಆಮೇಲೆ ಮುಖ. ಬೆಳಕಿಗೆ ಓರೆ ಮಾಡಿದರೆ ಮಡಿಕೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಾಣುತ್ತದೆ. ನೋಡಿದ ಮೇಲೆ ಮೆತ್ತನೆಯ ಸ್ಲೀವಿಗೆ ಹಾಕಿ, ಅದನ್ನು ಟಾಪ್‌ಲೋಡರ್ ಎಂಬ, ಮೇಲ್ಗಡೆ ತೆರೆದ ಗಟ್ಟಿ ಪ್ಲಾಸ್ಟಿಕ್ ಚೀಲದೊಳಗೆ ಇಡಿ. ಟಿ206ರ ಅಳತೆಯದ್ದನ್ನೇ ಕೇಳಿ ತರಿಸಿ, ಈಗಿನ ಕಾರ್ಡಿನ ಅಳತೆಯದ್ದರಲ್ಲಿ ಇಟ್ಟರೆ ಅದು ಜಾರಿ ಮೂಲೆ ಇನ್ನಷ್ಟು ಸವೆಯುತ್ತದೆ.