ಮಯೂರನಿಗೂ ಮೊದಲಿನ ಬನವಾಸಿ

ಬನವಾಸಿಗೆ ಹೋಗಿಬಂದವರ ಫೋಟೋಗಳನ್ನು ನೋಡಿ. ಮಧುಕೇಶ್ವರ ದೇವಸ್ಥಾನದ ಬಾಗಿಲ ಆನೆಗಳು, ದೊಡ್ಡ ನಂದಿ, ಸೋದೆ ಅರಸರ ಕಾಲದ ಕಲ್ಲಿನ ಮಂಚ, ನುಣುಪು ಕಂಬದಲ್ಲಿ ಮೂಡಿದ ತಮ್ಮದೇ ಮುಖ. ನಂದಿಯ ಒಂದು ಕಣ್ಣು ಶಿವನ ಮೇಲೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿಯ ಮೇಲೆ ಎಂದು ಗೈಡ್ ಹೇಳಿದ್ದನ್ನು ಕೆಳಗೆ ಬರೆದಿರುತ್ತಾರೆ. ಜೊತೆಗೆ 'ಕನ್ನಡದ ಮೊದಲ ರಾಜಧಾನಿಯಲ್ಲಿ' ಎಂಬ ಹೆಮ್ಮೆ. ಆದಿಕವಿಯ ಆ ಸಾಲು ಎಲ್ಲರ ಬಾಯಲ್ಲೂ ಇದೆ, ನಾನು ಮತ್ತೆ ಬರೆಯುವುದಿಲ್ಲ.

ಈ ಹೆಮ್ಮೆ ನನಗೂ ಇದೆ. ಆದರೆ ನಾವು ಆ ಊರಿನ ಕತೆಯನ್ನು ನಡುವಿನಿಂದ ಓದುತ್ತಿದ್ದೇವೆ. ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ್ದು ಕ್ರಿ.ಶ. 345ರ ಸುಮಾರಿಗೆ. ಅಷ್ಟು ಹೊತ್ತಿಗೆ ಬನವಾಸಿ ಹಳೆಯ ಊರಾಗಿತ್ತು. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಭಿಕ್ಷುವನ್ನು ವನವಾಸಕ್ಕೆ, ಅಂದರೆ ಬನವಾಸಿ ಸೀಮೆಗೆ, ಕಳುಹಿಸಿದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಲೋಣಾವಳದ ಹತ್ತಿರದ ಕಾರ್ಲೆ ಗುಹೆಯಲ್ಲಿ, ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಕೊರೆದಿದ್ದಾರೆ. ಆ ವೈಜಯಂತಿ ನಮ್ಮ ಬನವಾಸಿಯೇ ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ಘಟ್ಟದ ಅಂಚಿನ ಒಂದು ಊರಿನ ವ್ಯಾಪಾರಿ ಅಷ್ಟು ದೂರ ಹೋಗಿ ಬೆಟ್ಟ ಕೊರೆಸುವಷ್ಟು ದುಡ್ಡು ಮಾಡಿದ್ದನೆಂದರೆ, ಆ ಊರಿನ ಪೇಟೆ ಹೇಗಿದ್ದಿರಬೇಕು!

ಆ ಹಳೆಯ ಊರಿನ ಒಂದು ತುಂಡು ದೇವಸ್ಥಾನದ ಆವರಣದಲ್ಲೇ ಇದೆ. ಬಂದವರಲ್ಲಿ ಬಹಳ ಮಂದಿ ಅದರ ಮುಂದೆ ನಿಲ್ಲದೆ ಹೋಗುತ್ತಾರೆ.

ಅದೊಂದು ನಾಗರಕಲ್ಲು. ಐದು ಹೆಡೆ. ನಮ್ಮ ಕಡೆ ಅಶ್ವತ್ಥಕಟ್ಟೆಗಳ ಮೇಲೆ ಕಾಣುವ ಪುಟ್ಟ ನಾಗರಗಳ ಹಾಗಲ್ಲ, ಅಗಲವಾದ ದೊಡ್ಡ ಚಪ್ಪಡಿ. ಹತ್ತಿರ ಹೋಗಿ ಕಲ್ಲಿನ ಎರಡೂ ಬದಿಯ ಅಂಚನ್ನು ನೋಡಿ. ಕಡ್ಡಿ ಗೀಚಿದಂಥ ಬ್ರಾಹ್ಮಿ ಅಕ್ಷರಗಳು ಕಾಣುತ್ತವೆ. ಓರೆ ಬೆಳಕು ಬಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಕ್ರಿ.ಶ. 2-3ನೇ ಶತಮಾನದ್ದು, ಭಾಷೆ ಪ್ರಾಕೃತ. ಹಾರೀತೀಪುತ್ರ ಚುಟುಕುಲಾನಂದ ಸಾತಕರ್ಣಿಯ ಆಳ್ವಿಕೆಯಲ್ಲಿ ಮಹಾರಾಜನ ಮಗಳು ಶಿವಸ್ಕಂದನಾಗಶ್ರೀ, ತನ್ನ ಮಗ ಕುಮಾರನ ಜೊತೆಗೂಡಿ, ಈ ನಾಗ, ಒಂದು ಕೆರೆ ಮತ್ತು ಒಂದು ವಿಹಾರವನ್ನು ದಾನ ಮಾಡಿದಳು ಎಂದು ಬರೆದಿದೆ. ಕೆಲಸದ ಉಸ್ತುವಾರಿ ನೋಡಿದ ಅಮಾತ್ಯನ ಹೆಸರಿದೆ. ಕೊನೆಗೆ ಕಲ್ಲು ಕೆತ್ತಿದವನ ಹೆಸರೂ ಇದೆ: ಆಚಾರ್ಯ ಇದಮೋರಕನ ಶಿಷ್ಯ ನಟಕ.

ಕಳೆದ ಸಲ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಪಿಯುಸಿ ಓದುವ ಹುಡುಗಿ. ಅಕ್ಷರದ ಮೇಲೆ ಬೆರಳು ತಾಗಿಸದೆ, ಗಾಳಿಯಲ್ಲೇ ಅದರ ರೇಖೆ ಎಳೆಯುತ್ತಾ ಕೇಳಿದಳು, "ಮಾವ, ಇದು ಹಳಗನ್ನಡನಾ?"

"ಅಲ್ಲ ಪುಟ್ಟಿ, ಪ್ರಾಕೃತ."

"ಮತ್ತೆ ಕನ್ನಡದ ಮೊದಲ ರಾಜಧಾನಿ ಅಂದ್ರಿ?"

"ಅದು ಇದಾಗಿ ಸುಮಾರು ವರ್ಷದ ಮೇಲೆ."

"ಹಂಗಾದ್ರೆ ಇಲ್ಲಿನ ಕತೆ ಇವಳಿಂದ ಶುರು ಮಾಡ್ಬೇಕಲ್ವಾ?"

ಬೇಕು. ಅದನ್ನೇ ನಾನು ಇಷ್ಟುದ್ದ ಬರೆದು ಹೇಳಲು ಹೊರಟಿರುವುದು.

ಶಿವಸ್ಕಂದನಾಗಶ್ರೀ ಒಬ್ಬಳೇ ಆಗಿದ್ದರೆ ಅಪರೂಪಕ್ಕೆ ಉಳಿದ ಹೆಸರು ಅಂದುಕೊಳ್ಳಬಹುದಿತ್ತು. ಬನವಾಸಿಯಲ್ಲೇ ಸಿಕ್ಕ ಇನ್ನೊಂದು ಪ್ರಾಕೃತ ಕಲ್ಲು ಸಾತವಾಹನ ದೊರೆ ವಾಸಿಷ್ಠೀಪುತ್ರ ಪುಳುಮಾವಿಯ ಮಹಾದೇವಿಯ ನೆನಪಿಗೆ ನಿಲ್ಲಿಸಿದ್ದು. ಮೂರನೆಯವಳ ಗುರುತು ಇರುವುದು ಬಲುದೂರದಲ್ಲಿ, ಕೃಷ್ಣೆಯ ದಂಡೆಯ ನಾಗಾರ್ಜುನಕೊಂಡದಲ್ಲಿ. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು ಕೊಡಬಲಿಸಿರಿ ಅಲ್ಲಿ ಭಿಕ್ಷುಗಳಿಗೆ ವಿಹಾರ ಕಟ್ಟಿಸಿದಳು. ಶಾಸನದಲ್ಲಿ ಅವಳು ವನವಾಸದ ಮಹಾರಾಜನ ಹೆಂಡತಿ. ಬನವಾಸಿಯ ಹೊಳೆ ವರದೆಯ ದಡಕ್ಕೆ ಮದುವೆಯಾಗಿ ಬಂದವಳು ತವರಿನಲ್ಲಿ ವಿಹಾರ ಕಟ್ಟಿಸಿದ್ದಾಳೆ. ಮೂವರೂ ಮಯೂರನಿಗಿಂತ ಹಿಂದಿನವರು. ನಮ್ಮ ಶಾಲೆಯ ಪಾಠದಲ್ಲಿ ಮೂವರ ಹೆಸರನ್ನೂ ನಾನು ಓದಿದ ನೆನಪಿಲ್ಲ. ಕಂಚಿಗೆ ಓದಲು ಹೋದ ಹುಡುಗ, ಪಲ್ಲವರ ಕುದುರೆ ಸವಾರನ ಜೊತೆ ಜಗಳ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ, ಇದಿಷ್ಟು ಬಾಯಿಪಾಠ. ಅದೇನೂ ಸಣ್ಣ ಕತೆಯಲ್ಲ, ಮೈ ನವಿರೇಳಿಸುವ ಕತೆಯೇ. ಆದರೆ ಅದು ಊರಿನ ಎರಡನೇ ಅಧ್ಯಾಯ.

ಕದಂಬರಿಗೆ ಈ ಮರೆವು ಇರಲಿಲ್ಲ ಎನ್ನುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಹೋಗಿ. ಮಯೂರನ ಆ ಕತೆಯನ್ನು ನಮಗೆ ಉಳಿಸಿಕೊಟ್ಟಿದ್ದೇ ಅಲ್ಲಿನ ಕಂಬದ ಶಾಸನ, ಕುಬ್ಜ ಎಂಬ ಕವಿ ರಚಿಸಿದ್ದು. ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವಾಗ ಕವಿ, ಸಾತಕರ್ಣಿ ಮೊದಲಾದವರು ಪೂಜಿಸಿದ ಶಿವಾಲಯವಿದು ಎಂದು ಸೇರಿಸುತ್ತಾನೆ. ತಮಗಿಂತ ಮೊದಲು ಆಳಿದವರ ಹೆಸರನ್ನು ತಮ್ಮ ವಂಶದ ಕೀರ್ತಿಶಾಸನದಲ್ಲೇ ಬರೆಸಿಕೊಂಡರು. ಅದರಿಂದ ಕದಂಬರ ಘನತೆ ಒಂದಿಷ್ಟೂ ಕಡಿಮೆಯಾಗಲಿಲ್ಲ. 'ಮೊದಲು ನಾವೇ' ಎಂದು ಅವರು ಹೇಳಿಕೊಳ್ಳದೇ ಇರುವಾಗ ಅವರ ಪರವಾಗಿ ನಾವು ಯಾಕೆ ಹೇಳಬೇಕು?

ಊರು ಮಾತ್ರ ಈಗಲೂ ಚಿಕ್ಕದು, ಚೊಕ್ಕ. ಶಿರಸಿಯಿಂದ ಬರುವಾಗ ಅಡಿಕೆ ತೋಟ ಮುಗಿದು ಗದ್ದೆ, ಜೋಳ, ಅನಾನಸ್ ಶುರುವಾಗುತ್ತದೆ. ಮಲೆನಾಡು ಇಲ್ಲಿ ಬಯಲಿನ ಕಡೆ ವಾಲುತ್ತದೆ. ಸಾಗರದ ವರದಾಮೂಲದಲ್ಲಿ ಹುಟ್ಟಿದ ವರದೆ ಇಲ್ಲಿಗೆ ಬಂದು ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಮುಂದೆ ಹೋಗಿ, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತಾಳೆ. ಮಳೆಗಾಲದಲ್ಲಿ ಗದ್ದೆಗಳ ಮೇಲೆ ಕೆಂಪು ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಕಂಡರೆ ಇದೇ ಹೊಳೆಯಾ ಅನಿಸುವಷ್ಟು ಸೊರಗಿರುತ್ತದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಈ ಊರನ್ನು ವರ್ಣಿಸಿದ್ದಾನೆ: ವರದೆಯ ಎತ್ತರದ ಅಲೆಗಳ ಮೇಲೆ ಆಡುವ ಹಂಸಗಳ ಸಾಲನ್ನೇ ಒಡ್ಯಾಣವಾಗಿ ತೊಟ್ಟವಳು, ಸಂಪತ್ತಿನಲ್ಲಿ ದೇವಲೋಕದ ಪಟ್ಟಣಕ್ಕೆ ಸವಾಲೊಡ್ಡುವವಳು. ಪುಲಿಕೇಶಿಯ ಸೇನೆ ಕಡಲಿನಂತೆ ಸುತ್ತುವರಿದಾಗ ನೆಲದ ಕೋಟೆ ಜಲದುರ್ಗವೇ ಆಗಿಹೋಯಿತಂತೆ. ಸೋತ ಊರನ್ನು ಗೆದ್ದವರ ಕವಿ ಇಷ್ಟು ಪ್ರೀತಿಯಿಂದ ಹೊಗಳಿದ್ದು ನನಗೆ ಬೇರೆ ಗೊತ್ತಿಲ್ಲ. ಹೊಳೆಯ ದಂಡೆಗೆ ಹೋಗದೆ ಬನವಾಸಿ ನೋಡಿದೆ ಎನ್ನಬೇಡಿ. ಬಳಸಿ ಹರಿಯುವ ಆ ತಿರುವನ್ನು ಕಂಡ ಮೇಲೆ, ಇಲ್ಲಿ ಊರು ಯಾಕೆ ಹುಟ್ಟಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಇಟ್ಟಿಗೆಯ ವಿಷಯ ಹೇಳಲೇಬೇಕು. ಮೈಸೂರು ವಿಶ್ವವಿದ್ಯಾಲಯದವರು 1970-71ರಲ್ಲಿ ಇಲ್ಲಿ ಉತ್ಖನನ ಮಾಡಿದರು. ಇಲ್ಲಿನ ಅಗೆತಗಳಲ್ಲಿ ಸಾತವಾಹನರ ಕಾಲದ ನೆಲೆಗಳು ಹೊರಬಂದವು. ಒಂದು ತುದಿ ಆನೆಯ ಬೆನ್ನಿನಂತೆ ದುಂಡಗಿರುವ, ಗಜಪೃಷ್ಠ ಎನ್ನುತ್ತೇವಲ್ಲ, ಅಂಥ ಇಟ್ಟಿಗೆ ಕಟ್ಟಡಗಳ ಅಡಿಪಾಯಗಳೂ ಸಿಕ್ಕಿವೆ. ಹಳೆಯ ಕೋಟೆಯ ಗೋಡೆಯ ಕುರುಹುಗಳಿವೆ. ದೇವಸ್ಥಾನಕ್ಕೆ ಸಿಗುವ ಗಮನದ ಒಂದಂಶವೂ ಇವಕ್ಕೆ ಸಿಗುತ್ತಿಲ್ಲ. ಶಿಖರವಿಲ್ಲ, ವಿಗ್ರಹವಿಲ್ಲ, ಫೋಟೋಕ್ಕೆ ಏನೂ ಇಲ್ಲ ಎನ್ನುವುದು ಕಾರಣವಿರಬಹುದು. ಆದರೆ ಜನ ಬದುಕಿದ್ದ ಜಾಗದ ಸಾಕ್ಷಿ ಇರುವುದು ಇಲ್ಲೇ.

ಹತ್ತಿರದ ಗುಡ್ನಾಪುರಕ್ಕೂ ಇದೇ ಮಾತು. ದೊಡ್ಡ ಕೆರೆ, ದಡದಲ್ಲಿ ಗುಡಿ, ಪ್ರವಾಸಿಗರು ಅಪರೂಪ. ಅಲ್ಲಿ ಸಿಕ್ಕ, ಕದಂಬ ದೊರೆ ರವಿವರ್ಮನ ಕಾಲದ ಕಂಬದ ಶಾಸನ ಕಾಮಜಿನಾಲಯವನ್ನೂ ಅರಮನೆಯನ್ನೂ ನೃತ್ಯಶಾಲೆಯನ್ನೂ ಹೆಸರಿಸುತ್ತದೆ. ಮಯೂರನ ತಂದೆಯ ಹೆಸರು ಬಂಧುಷೇಣ ಎಂದು ನಮಗೆ ತಿಳಿದದ್ದು ಈ ಕಂಬದಿಂದ. ಬೌದ್ಧ ವಿಹಾರ, ನಾಗಾರಾಧನೆ, ಶಿವಾಲಯ, ಜಿನಾಲಯ ಎಲ್ಲವೂ ಕೆಲವೇ ಮೈಲಿಯೊಳಗೆ ಬಾಳಿದ ನಾಡಿದು. ಇದನ್ನು ಒಂದೇ ಹೆಸರಿಗೆ, ಒಂದೇ ಗುಡಿಗೆ ಇಳಿಸಿದರೆ ನಷ್ಟ ನಮಗೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ನಾಗರಕಲ್ಲಿನ ಪಕ್ಕದಲ್ಲಿ ಅದರ ಪೂರ್ತಿ ಪಾಠವನ್ನು ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಅರ್ಥ ಕೊಟ್ಟು, ಓದುವಷ್ಟು ದೊಡ್ಡದಾಗಿ ಒಂದು ಫಲಕ ಹಾಕಲಿ. ಅಗೆದ ಜಾಗಗಳಿಗೆ ದಾರಿ ತೋರಿಸುವ ಬೋರ್ಡು ಇರಲಿ. ಶಿರಸಿ, ಸೊರಬದ ಶಾಲೆಗಳ ಪ್ರವಾಸ ಬನವಾಸಿಗೆ ಬಂದಾಗ ಮೇಷ್ಟ್ರು ಮಕ್ಕಳನ್ನು ನಂದಿಗಿಂತ ಮೊದಲು ಆ ಕಲ್ಲಿನ ಹತ್ತಿರ ನಿಲ್ಲಿಸಲಿ. ಇನ್ನು ಕದಂಬೋತ್ಸವ. ಅಲ್ಲಿ ಮೆರವಣಿಗೆ ಹೊರಟಾಗ ಮಯೂರವರ್ಮನ ಹಿಂದೆಯೋ ಮುಂದೆಯೋ ಶಿವಸ್ಕಂದನಾಗಶ್ರೀಗೂ ಒಂದು ಸ್ತಬ್ಧಚಿತ್ರ ಮಾಡಿ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆರೆಯ ಕೆಲಸ ನೋಡುತ್ತಿರುವ ತಾಯಿ, ಆಚೆ ಕಡೆ ಉಳಿ ಹಿಡಿದು ಕೂತ ನಟಕ. ಊರಿನ ಹುಡುಗ ಹುಡುಗಿಯರೇ ಪಾತ್ರ ಹಾಕಲಿ. ಬಟ್ಟೆ, ಬಣ್ಣದ ಖರ್ಚಿಗೆ ನನ್ನ ಪಾಲು ಕೊಡಲು ನಾನು ತಯಾರಿದ್ದೇನೆ. ಬನವಾಸಿಯ ಗೆಳೆಯರು ಯಾರಾದರೂ ಮುಂದಾಳತ್ವ ವಹಿಸುವುದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.