ಕೂತಾಗ ಮೆತ್ತಗಿದೆ ಅಂತ ತಡಿ ಕೊಳ್ಳಬೇಡಿ

ನನ್ನ ಕುದುರೆ ಕೆಂಪನ ಹೆಗಲ ದಿಬ್ಬದ ಎರಡೂ ಪಕ್ಕ ರೂಪಾಯಿ ನಾಣ್ಯದಷ್ಟು ಅಗಲದ ಎರಡು ಬಿಳಿ ಮಚ್ಚೆಗಳಿವೆ. ಹುಟ್ಟಿನಿಂದ ಬಂದವಲ್ಲ. ನಾನು ಆರಿಸಿದ ತಡಿಯಿಂದ, ಅಂದರೆ ಸ್ಯಾಡಲ್‌ನಿಂದ, ಬಂದವು. ತಡಿ ಒಂದೇ ಕಡೆ ಒತ್ತಿ ಒತ್ತಿ ಕೂದಲಿನ ಬುಡಕ್ಕೆ ಏಟು ಬಿದ್ದರೆ ಆಮೇಲೆ ಅಲ್ಲಿ ಬಿಳಿ ಕೂದಲೇ ಹುಟ್ಟುತ್ತದೆ. ಮೂರು ವರ್ಷವಾಯಿತು, ಇನ್ನೂ ಹಾಗೇ ಇವೆ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡದವರು ಕೆಲವರು ಈಗ ಕುದುರೆ ಸವಾರಿ ಕಲಿಯುತ್ತಿದ್ದಾರೆ. ಹೋದ ತಿಂಗಳು ಇಬ್ಬರು ಕೇಳಿದರು, ಟ್ರೇಲ್ ಸವಾರಿಗೆ, ಅಂದರೆ ಕಾಡು ಗುಡ್ಡದ ಕಾಲುದಾರಿಯ ಸವಾರಿಗೆ, ಯಾವ ಸ್ಯಾಡಲ್ ಒಳ್ಳೇದು ಅಂತ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ನಾನು ಮೊದಲ ತಡಿ ಕೊಂಡದ್ದು ಅಂಗಡಿಯ ಮರದ ಸ್ಟ್ಯಾಂಡ್ ಮೇಲೆ ಐದು ನಿಮಿಷ ಕೂತು ನೋಡಿ. ಜೆಲ್ ತುಂಬಿದ ಸೀಟು, ಸೋಫಾದ ಹಾಗಿತ್ತು. ಕುದುರೆಯ ಬೆನ್ನು ಹೇಗಿದೆ ಅಂತ ಅಂಗಡಿಯವರು ಕೇಳಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಕೆಂಪ ಕ್ವಾರ್ಟರ್ ಹಾರ್ಸ್ ಜಾತಿಯವನು. ದುಂಡು ಬೆನ್ನು, ತಗ್ಗು ಹೆಗಲು. ಇಂಥ ಬೆನ್ನಿನ ಮೇಲೆ ಅಳತೆ ಕೂಡದ ತಡಿ ಇಟ್ಟರೆ ಉರುಳುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತದೆ.

ಆಬರ್ನ್ ಊರಿನ ಹತ್ತಿರ ಅಮೆರಿಕನ್ ನದಿಯ ಕಣಿವೆಗೆ ಇಳಿಯುವ ದಾರಿಯಲ್ಲಿ ಆದದ್ದೂ ಅದೇ. ತಡಿ ಅವನ ಭುಜದ ಮೇಲೆ ಹೋಗಿ ಕೂತಿತು. ಅವನು ಹೆಜ್ಜೆ ಗಿಡ್ಡ ಮಾಡಿದ, ಬಾಲ ಬೀಸಿದ. ಆಮೇಲಾಮೇಲೆ ಸಿಂಚ್, ಅಂದರೆ ತಡಿಯನ್ನು ಹೊಟ್ಟೆಯ ಕೆಳಗಿಂದ ಕಟ್ಟುವ ಪಟ್ಟಿ, ಬಿಗಿಯಲು ಹೋದರೇ ಕಿವಿ ಹಿಂದಕ್ಕೆ ಮಡಚುತ್ತಿದ್ದ. ಹಠ ಅಂದುಕೊಂಡು ಗದರಿದ್ದೆ. ನೋವು ಅಂತ ಹೇಳಲು ಅವನಿಗೆ ಬೇರೆ ದಾರಿ ಇರಲಿಲ್ಲ ಅಲ್ವಾ?

ಒಂದು ದಿನ ಸವಾರಿ ಮುಗಿಸಿ ತಡಿ ಇಳಿಸಿದಾಗ, ಲಾಯದಲ್ಲಿದ್ದ ಒಬ್ಬ ಹಿರಿಯ ಸವಾರರು ನನ್ನ ಕೈ ಹಿಡಿದು ಅವನ ಬೆನ್ನಿನ ಮೇಲೆ ಇಟ್ಟರು. ಬೆನ್ನೆಲ್ಲ ಬೆವರಿನಿಂದ ತೊಯ್ದು ಕೂದಲು ಅಂಟಿಕೊಂಡಿತ್ತು. ಹೆಗಲ ಕೆಳಗೆ ಮಾತ್ರ, ಎರಡೂ ಕಡೆ, ಅಂಗೈ ಅಗಲ ಒಣಗಿದ ಜಾಗ. ಅಲ್ಲಿ ಕೂದಲು ಗರಿಗರಿಯಾಗಿ ನಿಂತಿತ್ತು. ಬೆವರೂ ಬರದಷ್ಟು ಒತ್ತಡ ಬಿದ್ದ ಜಾಗ ಅದು. ಬೆರಳಿನಿಂದ ಮೆಲ್ಲಗೆ ಒತ್ತಿದೆ. ಕೆಂಪ ಬೆನ್ನು ಕುಗ್ಗಿಸಿ ಕೆಳಗೆ ಹೋದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ತಡಿಯನ್ನು ಮೊದಲು ಕುದುರೆಗೆ ಆರಿಸಿ, ಆಮೇಲೆ ನಿಮಗೆ. ಕೆಳಗೆ ಪ್ಯಾಡ್ ಹಾಕದೆ ಬರೀ ತಡಿಯನ್ನು ಬೆನ್ನಿನ ಮೇಲಿಡಿ. ಒಳಗಿನ ಚೌಕಟ್ಟು, ಅಂದರೆ ಟ್ರೀ, ಭುಜದ ಮೂಳೆಯ ಹಿಂದೆ ಕೂರಬೇಕು. ಹೆಗಲ ದಿಬ್ಬಕ್ಕೂ ಗಲೆಟ್‌ಗೂ, ಅಂದರೆ ಅದರ ಮೇಲೆ ಬರುವ ತಡಿಯ ಕಮಾನಿಗೂ, ನಡುವೆ ಎರಡು ಮೂರು ಬೆರಳು ಹೋಗಬೇಕು. ತಡಿಯ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಎಲ್ಲ ಕಡೆ ಒಂದೇ ಸಮ ತಾಗಬೇಕು. ಎರಡು ತುದಿಯಲ್ಲಿ ಬಿಗಿಯಾಗಿ ನಡುವೆ ಟೊಳ್ಳಾಗಿದ್ದರೆ ಸೇತುವೆ ಕಟ್ಟಿದ ಹಾಗೆ, ಭಾರವೆಲ್ಲ ನಾಲ್ಕು ಮೂಲೆಗೆ ಬೀಳುತ್ತದೆ. ಭಾರ ಕೊನೆಯ ಪಕ್ಕೆಲುಬು ದಾಟಿ ಹಿಂದಕ್ಕೆ ಹೋಗಲೂಬಾರದು. ಸೆಮಿ ಕ್ವಾರ್ಟರ್, ಫುಲ್ ಕ್ವಾರ್ಟರ್ ಅಂತ ಅಳತೆ ಬರೆದಿರುತ್ತಾರಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಒಬ್ಬ ತಯಾರಕರ ಅಳತೆ ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ಬಿಗಿಯಾದ ತಡಿಗೆ ಇನ್ನೊಂದು ದಪ್ಪ ಪ್ಯಾಡ್ ಹಾಕಿದರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ನಾನೂ ಹಾಕಿ ನೋಡಿದೆ, ಇನ್ನೂ ಬಿಗಿಯಾಯಿತು.

ಇನ್ನು ಬೀಳದೆ ಕೂರುವ ವಿಷಯ. ಹಿಡಿದುಕೊಳ್ಳಲು ತಡಿಯ ಮುಂದೆ ಕೊಂಬಿನಂತೆ ಎದ್ದಿರುವ ದೊಡ್ಡ ಹಾರ್ನ್ ಇದ್ದರೆ ಭದ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾರ್ನ್ ಇರುವುದು ದನಕ್ಕೆ ಹಗ್ಗ ಎಸೆದು ಸುತ್ತಿ ನಿಲ್ಲಿಸಲು. ನಿಜವಾದ ಭದ್ರತೆ ಇರುವುದು ಸ್ಟಿರಪ್, ಅಂದರೆ ಕಾಲಿಡುವ ರಿಕಾಪು, ಎಲ್ಲಿ ನೇತಾಡುತ್ತದೆ ಅನ್ನುವುದರಲ್ಲಿ. ಪಕ್ಕದಿಂದ ಒಬ್ಬರು ನೋಡಿದರೆ ನಿಮ್ಮ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಬೇಕು. ಸ್ಟಿರಪ್ ಮುಂದಿದ್ದರೆ ಕುರ್ಚಿಯಲ್ಲಿ ಕೂತ ಹಾಗಾಗುತ್ತದೆ. ಜಿಂಕೆ ಹಾರಿ ಕುದುರೆ ಬೆದರಿದ ಕ್ಷಣ ನಿಮ್ಮ ಕಾಲು ಒಂದು ಕಡೆ, ಮೈ ಒಂದು ಕಡೆ. ನನ್ನ ಮೆತ್ತನೆ ಸೀಟು ಹೀಗೇ ಇತ್ತು. ಎರಡು ಗಂಟೆ ಸವಾರಿ ಮಾಡಿದರೆ ಮೊಣಕಾಲು ನೋಯಲು ಶುರುವಾಗುತ್ತಿತ್ತು. ತೊಡೆಯ ನಡುವೆ ಬರುವ ಭಾಗ ನಿಮ್ಮ ಸೊಂಟಕ್ಕೆ ತೀರಾ ಅಗಲವಾಗಿದ್ದರೂ ಅದೇ ಪಾಡು. ಅಂಗಡಿಯ ಐದು ನಿಮಿಷದಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಲ್ಲಿ ಅನೇಕ ಅಂಗಡಿಗಳು ಕೆಲವು ದಿನ ಪರೀಕ್ಷೆಗೆ ಕೊಡುತ್ತವೆ, ನಾಚಿಕೊಳ್ಳದೆ ಕೇಳಿ.

ಸ್ಟಿರಪ್ ನಿಮ್ಮ ಬೂಟಿಗಿಂತ ಸುಮಾರು ಒಂದು ಇಂಚು ಅಗಲ ಇರಲಿ. ಹಿಮ್ಮಡಿ ಇರುವ ಬೂಟನ್ನೇ ಹಾಕಿ. ಬಿದ್ದಾಗ ಕಾಲು ಸಿಕ್ಕಿಕೊಂಡು ಎಳೆದಾಡಿಸಿಕೊಳ್ಳುವುದಕ್ಕಿಂತ ಕೆಟ್ಟದ್ದು ಈ ಸವಾರಿಯಲ್ಲಿ ಇಲ್ಲ.

ಈಗ ನನ್ನ ಹತ್ತಿರ ಇರುವುದು ಆಸ್ಟ್ರೇಲಿಯನ್ ಸ್ಟಾಕ್ ಸ್ಯಾಡಲ್. ಆಳವಾದ ಸೀಟು, ತೊಡೆಯ ಮುಂದೆ ಎರಡು ದಿಂಬು. ಗುಡ್ಡ ಇಳಿಯುವಾಗ ಆ ದಿಂಬುಗಳು ತೊಡೆಯನ್ನು ತಡೆದು ನಿಲ್ಲಿಸುತ್ತವೆ. ಹಳೆಯ ವೆಸ್ಟರ್ನ್ ತಡಿ 16 ಕಿಲೋ ತೂಗುತ್ತಿತ್ತು, ಇದು 9 ಕಿಲೋ. ಸವಾರ, ಸಾಮಾನು ಎಲ್ಲ ಸೇರಿ ಕುದುರೆಯ ತೂಕದ ಸುಮಾರು 20% ದಾಟಬಾರದು ಅನ್ನುವ ಲೆಕ್ಕ ಇಲ್ಲಿನ ಸವಾರರಲ್ಲಿದೆ. ಕೆಂಪ 480 ಕಿಲೋ, ಅಂದರೆ ಅವನಿಗೆ 96. ನಾನು 79. ಹಳೆಯ ತಡಿಗೆ ನೀರಿನ ಬಾಟಲಿ, ಚೀಲ ಸೇರಿಸಿದರೆ ಲೆಕ್ಕ ಮೀರುತ್ತಿತ್ತು.

ಇದೇ ಬೆಟ್ಟಗಳಲ್ಲಿ 1955ರಿಂದ ಟೆವಿಸ್ ಕಪ್ ಅನ್ನುವ ದೂರದ ಕುದುರೆ ಸವಾರಿ ಸ್ಪರ್ಧೆ ನಡೆಯುತ್ತಿದೆ. 24 ಗಂಟೆಯಲ್ಲಿ 100 ಮೈಲಿ, ಕೊನೆ ಆಬರ್ನ್‌ನಲ್ಲಿ. ದಾರಿಯುದ್ದಕ್ಕೂ ಪಶುವೈದ್ಯರು ಕುದುರೆಗಳನ್ನು ತಡೆದು ನೋಡುತ್ತಾರೆ. ಎದೆಬಡಿತ, ನಡಿಗೆ, ಜೊತೆಗೆ ಬೆನ್ನು. ಸವಾರನಿಗೆ ಎಷ್ಟೇ ದಮ್ಮಿದ್ದರೂ ಕುದುರೆ ಪಾಸಾಗದಿದ್ದರೆ ಅಲ್ಲಿಗೇ ನಿಲ್ಲಬೇಕು. ಆ ನಿಯಮ ನನಗೆ ತುಂಬಾ ಇಷ್ಟ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮುಂಭಾಗ ಹಿಂಭಾಗ ಎರಡನ್ನೂ ಹಿಡಿದು ಒಳಕ್ಕೆ ಅಮುಕಿ. ಗಟ್ಟಿ ಟ್ರೀ ಇರುವ ತಡಿ ನಡುವೆ ಬಾಗಿದರೆ, ಕಿರ್ ಅಂದರೆ ಬೇಡ. ಟ್ರೀ ಮುರಿದಿರಬಹುದು. ಸಿಂಚ್ ಕಟ್ಟುವ ಚರ್ಮದ ಪಟ್ಟಿ ಮಡಚಿ ನೋಡಿ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ.

ಸ್ಯಾಕ್ರಮೆಂಟೊ ಸುತ್ತಮುತ್ತ ಯಾರಾದರೂ ತಡಿ ಕೊಳ್ಳುವವರಿದ್ದರೆ ಮೆಸೇಜ್ ಮಾಡಿ. ಒಂದು ಬಾಗುವ ತಂತಿ ತರುತ್ತೇನೆ. ನಿಮ್ಮ ಕುದುರೆಯ ಹೆಗಲ ಮೇಲೆ ಅದನ್ನು ಬಗ್ಗಿಸಿ, ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸೋಣ. ಅಂಗಡಿಗೆ ಹೋಗುವಾಗ ಆ ರಟ್ಟು ಕೈಯಲ್ಲಿರಲಿ.