ಎಲ್ಲಾ ಆ ಬೇಹುಗಾರರೇ ಮಾಡಿದ್ದಂತೆ!

ನಿನ್ನೆ ಯಾರೋ ಪುಣ್ಯಾತ್ಮರು ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದರು. ಹಿಂದೆ ಢಂ ಢಂ ಸಂಗೀತ, ಮುಂದೆ ಗಂಟಲು ದಪ್ಪ ಮಾಡಿಕೊಂಡ ದನಿ. ಜರ್ಮನಿಯ ಬೇಹುಗಾರರು ಮ್ಯಾಜಿನೋ ರೇಖೆಯ, ಅಂದರೆ ಜರ್ಮನಿಯ ಗಡಿಯುದ್ದಕ್ಕೂ ಫ್ರಾನ್ಸ್ ಕಟ್ಟಿದ್ದ ಕೋಟೆಗಳ ಸಾಲಿನ, ರಹಸ್ಯ ಕದ್ದರಂತೆ, ಅದಕ್ಕೇ 1940ರಲ್ಲಿ ಫ್ರಾನ್ಸ್ ಆರೇ ವಾರದಲ್ಲಿ ಮಣ್ಣು ಮುಕ್ಕಿತಂತೆ. "ಯಾವ ಕಾಲದ ಯುದ್ಧಕ್ಕೆ ಈಗ ಬಿಪಿ ಏರಿಸಿಕೊಳ್ತೀರಿ?" ಅಂತ ಮನೆಯವಳು ಬೈದಳು. ಏನು ಮಾಡಲಿ? ಕಾಂಕ್ರೀಟಿನ ಮಾತು ಬಂದರೆ ನಾನು ಸುಮ್ಮನಿರುವ ಪೈಕಿ ಅಲ್ಲ, ನಿಮಗೆಲ್ಲ ಗೊತ್ತೇ ಇದೆ.

ಸ್ವಾಮಿ, ಯಾವ ರಹಸ್ಯ? 1930ರ ಜನವರಿಯಲ್ಲಿ ಫ್ರಾನ್ಸಿನ ಸಂಸತ್ತು ಎಲ್ಲರ ಎದುರೇ ಕಾನೂನು ಮಾಡಿ ಸುಮಾರು 290 ಕೋಟಿ ಫ್ರಾಂಕ್ ಮಂಜೂರು ಮಾಡಿತು. ಆಗ ಯುದ್ಧಮಂತ್ರಿಯಾಗಿದ್ದವನು ಆಂದ್ರೆ ಮ್ಯಾಜಿನೋ, ರೇಖೆಗೆ ಅವನದೇ ಹೆಸರು. ದೊಡ್ಡ ಕೋಟೆಗಳ ತಾರಸಿಯೇ ಮೂರೂವರೆ ಮೀಟರ್ ದಪ್ಪ. ಹಾಕೆನ್‌ಬರ್ಗ್ ಎಂಬ ಒಂದೇ ಕೋಟೆಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಸುರಂಗ, ಒಳಗೆ ಓಡಾಡಲು ಕರೆಂಟ್ ರೈಲು, ಸಾವಿರದಷ್ಟು ಸೈನಿಕರು. ಕಟ್ಟಿದವರು ಖಾಸಗಿ ಗುತ್ತಿಗೆದಾರರು, ಕೂಲಿಗಳಲ್ಲಿ ಹೊರದೇಶದವರೂ ಇದ್ದರು. ಸೈಟಿನಲ್ಲಿ ದುಡಿದವರಿಗೆ ಗೊತ್ತು, ಸಿಮೆಂಟ್ ಲಾರಿ ಬಂದು ನಿಂತ ಮೇಲೆ ಗುಟ್ಟು ಅನ್ನೋದು ಇರಲ್ಲ. ಅದೂ ಎಲ್ಲಿ? ಜರ್ಮನಿಯ ಗಡಿಗೆ ತಾಗಿದ ಅಲ್ಸಾಸ್–ಲೊರೇನ್‌ನಲ್ಲಿ! 1871ರಿಂದ 1918ರವರೆಗೆ ಅದು ಜರ್ಮನಿಯ ಕೈಯಲ್ಲೇ ಇತ್ತು. ಅಲ್ಲಿನ ಮೆತ್ಸ್ ಊರಿನ ಸುತ್ತಲಿನ ಎಷ್ಟೋ ಹಳೆಯ ಕೋಟೆಗಳನ್ನು ಕಟ್ಟಿದ್ದೇ ಜರ್ಮನರು. ಆ ನೆಲದ ಗುಡ್ಡ ಹಳ್ಳ ಅವರಿಗೆ ಯಾವ ಗೂಢಚಾರ ಹೇಳಿಕೊಡಬೇಕಿತ್ತು?

"ಹಾಗಾದ್ರೆ ಬೇಹುಗಾರರೇ ಇರಲಿಲ್ವಾ ಸಾರ್?" ಅಂತ ಒಬ್ಬರು ಗ್ರೂಪಿನಲ್ಲೇ ಕೇಳಿದರು. ಇದ್ದರಪ್ಪಾ, ಬೇಕಾದಷ್ಟು ಇದ್ದರು. ಜರ್ಮನ್ ಸೇನೆಯ ಬೇಹುಗಾರಿಕೆ ವಿಭಾಗ ಆಬ್‌ವೆರ್ ಸುಮ್ಮನೆ ಕೂತಿರಲಿಲ್ಲ. ಥಿಯೋಡೋರ್ ರೋವೆಲ್ ಎಂಬ ಪೈಲಟ್‌ನ ತಂಡ ನಾಗರಿಕ ವಿಮಾನದ ವೇಷ ಹಾಕಿಕೊಂಡು, ಬಲು ಎತ್ತರದಲ್ಲಿ ಹಾರಿ ಫೋಟೋ ತೆಗೆಯುತ್ತಿತ್ತು. ಯುದ್ಧಕ್ಕೆ ಮೊದಲೇ ಜರ್ಮನ್ ಸೇನೆಯ ಹತ್ತಿರ ಫ್ರೆಂಚ್ ಕೋಟೆಗಳ ಕೈಪಿಡಿಯೂ ಸಿದ್ಧವಿತ್ತು. ಕಾರ್ಲ್ ರೂಸ್ ಎಂಬ ಅಲ್ಸಾಸ್ ಸ್ವಾಯತ್ತತಾವಾದಿ ನಾಯಕನನ್ನು ಬೇಹುಗಾರಿಕೆ ಆರೋಪದ ಮೇಲೆ 1940ರ ಫೆಬ್ರವರಿಯಲ್ಲಿ ಫ್ರೆಂಚರು ಗುಂಡಿಟ್ಟು ಕೊಂದರು.

ಸರಿ, ಇಷ್ಟೆಲ್ಲ ಮಾಡಿ ಜರ್ಮನರು ತಿಳಿದುಕೊಂಡದ್ದು ಏನು? ರೇಖೆ ಗಟ್ಟಿಯಾಗಿದೆ ಅಂತ. ಅಯ್ಯೋ, ಫ್ರಾನ್ಸಿಗೆ ಬೇಕಾಗಿದ್ದೂ ಅದೇ ಅಲ್ವಾ! ಪತ್ರಿಕೆಗಳಲ್ಲಿ ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿ ನೆಲಮಾಳಿಗೆಗಳ ಚಿತ್ರ ಬರೆಸಿಕೊಂಡದ್ದು ಯಾರು? ಗೋಡೆ ನೋಡಿ ಶತ್ರು ಹೆದರಬೇಕು, ಇತ್ತ ಬಾರದೆ ಬೆಲ್ಜಿಯಂ ಕಡೆಯಿಂದ ಸುತ್ತಿಕೊಂಡು ಬರಬೇಕು, ಅಲ್ಲಿ ನಮ್ಮ ದೊಡ್ಡ ಸೈನ್ಯ ಅವನನ್ನು ಎದುರಿಸುತ್ತದೆ. ಇದೇ ಅವರ ಲೆಕ್ಕ. ಬೇಹುಗಾರ ಆ ಗೋಡೆಯ ಸುದ್ದಿಯನ್ನು ಬರ್ಲಿನ್‌ಗೆ ಮುಟ್ಟಿಸಿದರೆ ಫ್ರಾನ್ಸಿನ ಪ್ರಚಾರದ ಕೆಲಸ ಬಿಟ್ಟಿಯಾಗಿ ಆಯಿತು, ಅಷ್ಟೇ.

ಇನ್ನೊಂದು ಕೇಳಿ. ಜೆಕೊಸ್ಲೊವಾಕಿಯಾದ ಗಡಿ ಕೋಟೆಗಳನ್ನು ಕಟ್ಟುವಾಗ ಫ್ರೆಂಚರ ಸಲಹೆ ಇತ್ತು. 1938ರ ಮ್ಯೂನಿಕ್ ಒಪ್ಪಂದದಲ್ಲಿ ಆ ಗಡಿಯನ್ನೇ ಹಿಟ್ಲರ್‌ಗೆ ಬಿಟ್ಟುಕೊಟ್ಟರು. ಜರ್ಮನರು ಆರಾಮಾಗಿ ಆ ಕೋಟೆಗಳನ್ನು ಅಳೆದು ನೋಡಿದರು, ಫಿರಂಗಿ ಹಾರಿಸಿ ಪರೀಕ್ಷೆ ಮಾಡಿದರು. ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬ ಯಾರು? ಫ್ರಾನ್ಸಿನ ಪ್ರಧಾನಿ ದಲಾದಿಯೆ! ಯಾವ ಬೇಹುಗಾರ ಇಷ್ಟು ತಂದುಕೊಟ್ಟಾನು?

ಕದಿಯೋಕೆ ಏನೂ ಇಲ್ಲದ ಜಾಗದಲ್ಲೇ ಫ್ರಾನ್ಸ್ ಸೋತದ್ದು. ರೇಖೆಯ ದೊಡ್ಡ ಕೋಟೆಗಳು ಮುಗಿದ ಮೇಲೆ, ಬೆಲ್ಜಿಯಂ ಗಡಿಯ ಆರ್ಡೆನ್ಸ್ ಕಾಡಿನ ಆಚೆ, ಮ್ಯೂಸ್ ನದಿಯ ದಂಡೆಯ ಸೆಡಾನ್. 1870ರಲ್ಲಿ ಮೂರನೇ ನೆಪೋಲಿಯನ್ ಜರ್ಮನರಿಗೆ ಶರಣಾದದ್ದೂ ಅಲ್ಲೇ, ಅದನ್ನಾದರೂ ನೆನಪಿಟ್ಟುಕೊಳ್ಳಬಾರದಾ? 1940ರ ಮಾರ್ಚ್‌ನಲ್ಲಿ ಪಿಯೇರ್ ತೆತಾಂಜೆ ಎಂಬ ಸಂಸದ (ಹೌದು, ಶಾಂಪೇನ್ ಮನೆತನದವನೇ) ಅಲ್ಲಿಗೆ ಹೋಗಿ, ಅರ್ಧಂಬರ್ಧ ಕಟ್ಟಿದ ಬಂಕರ್ ನೋಡಿ, ಇಲ್ಲಿ ರಕ್ಷಣೆ ಸಾಲದು ಎಂದು ವರದಿ ಕೊಟ್ಟ. ಆ ಭಾಗದ ಸೇನಾಧಿಪತಿ ಹುಂಟ್ಸಿಗರ್ ಕೊಟ್ಟ ಉತ್ತರ, ಸೆಡಾನ್‌ನಲ್ಲಿ ತುರ್ತು ಕ್ರಮ ಏನೂ ಬೇಕಿಲ್ಲ. ಏಪ್ರಿಲ್ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಫ್ರೆಂಚ್ ಸೇನಾ ಪ್ರತಿನಿಧಿ, ಮೇ 8ರಿಂದ 10ರೊಳಗೆ ದಾಳಿ ಬರುತ್ತದೆ, ಗುರಿ ಸೆಡಾನ್ ಎಂದು ಸುದ್ದಿ ಕಳಿಸಿದ. ಮೇ 10ಕ್ಕೆ ದಾಳಿ ಬಂತು. 13ಕ್ಕೆ ಜರ್ಮನ್ ಸೇನಾಪತಿ ಗುಡೇರಿಯನ್‌ನ ಪಡೆ ಸೆಡಾನ್‌ನಲ್ಲಿ ನದಿ ದಾಟಿತು. ಅಂದರೆ ಬೇಹುಗಾರಿಕೆಯಲ್ಲಿ ಫ್ರೆಂಚರೂ ಕಡಿಮೆ ಇರಲಿಲ್ಲ. ಜರ್ಮನಿಯ ಸಂಕೇತಲಿಪಿ ಕಚೇರಿಯ ಹಾನ್ಸ್ ಥಿಲೋ ಶ್ಮಿಟ್ 1931ರಿಂದಲೇ ದುಡ್ಡು ತಗೊಂಡು ಎನಿಗ್ಮಾ ಎಂಬ ಗುಪ್ತಲಿಪಿ ಯಂತ್ರದ ಕಾಗದಗಳನ್ನು ಇವರಿಗೇ ಮಾರುತ್ತಿದ್ದ! ಕಾಗದ ಬರುತ್ತಿತ್ತು, ಮೇಲಿದ್ದವರು ಕಿವಿಗೆ ಹಾಕಿಕೊಳ್ಳಬೇಕಿತ್ತು.

ನನಗೆ ಇಷ್ಟು ಉರಿಯೋದು ಯಾಕೆ ಅಂತ ಹೇಳಿಬಿಡ್ತೀನಿ. ನೌಕರಿಯಲ್ಲಿದ್ದಾಗ ಒಂದು ಕಟ್ಟಡ ಬಿರುಕು ಬಿಟ್ಟಿತು, ಪತ್ರಿಕೆಯಲ್ಲಿ ಸುದ್ದಿ ಬಂತು. ತನಿಖೆ ನಡೆದದ್ದು ಬಿರುಕಿನ ಬಗ್ಗೆ ಅಲ್ಲ, ಸುದ್ದಿ ಕೊಟ್ಟವರು ಯಾರು ಅನ್ನೋದರ ಬಗ್ಗೆ. ನನ್ನನ್ನೂ ಕರೆಸಿ ಕೂರಿಸಿದ್ದರು. ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಈ ಬೇಹುಗಾರ ಹುಚ್ಚಿಗೆ ಬಲಿಯಾದವರೂ ಇದ್ದಾರೆ. 1939ರ ಸೆಪ್ಟೆಂಬರ್‌ನಲ್ಲಿ ಸ್ಟ್ರಾಸ್‌ಬರ್ಗ್ ನಗರವನ್ನೇ ಖಾಲಿ ಮಾಡಿಸಿ, ಅಲ್ಸಾಸ್‌ನ ಲಕ್ಷಾಂತರ ಜನರನ್ನು ನೈರುತ್ಯ ಫ್ರಾನ್ಸಿನ ಹಳ್ಳಿಗಳಿಗೆ ಸಾಗಿಸಿದರು. ಅವರ ಮನೆಮಾತು ಜರ್ಮನ್ ಥರ ಕೇಳಿಸುತ್ತಿತ್ತು ಅಂತ ಅಲ್ಲಿನ ಎಷ್ಟೋ ಜನ ಅವರನ್ನೇ ಶತ್ರುಗಳ ಹಾಗೆ ನೋಡಿದರು. ದೇಶಕ್ಕಾಗಿ ಮನೆ ಬಿಟ್ಟು ಬಂದವರನ್ನು! ಮರುವರ್ಷ ದಾಳಿ ಶುರುವಾದಾಗ, ಸನ್ಯಾಸಿನಿಯರ ವೇಷದಲ್ಲಿ ಜರ್ಮನರು ಪ್ಯಾರಾಚೂಟ್‌ನಲ್ಲಿ ಇಳಿದರು ಅನ್ನೋ ವದಂತಿ ಬೇರೆ. ಆಗಲೂ ಜನ ಹುಡುಕಿದ್ದು ಬೇಹುಗಾರನನ್ನೇ, ಹುಂಟ್ಸಿಗರ್‌ನನ್ನಲ್ಲ. ಜೂನ್‌ನಲ್ಲಿ ಜರ್ಮನರ ಮುಂದೆ ಕದನವಿರಾಮಕ್ಕೆ ಫ್ರಾನ್ಸ್ ಪರವಾಗಿ ಸಹಿ ಹಾಕಿದ್ದು ಅದೇ ಮನುಷ್ಯ. ಸೆಪ್ಟೆಂಬರ್‌ಗೆ ಸೋಲಿನ ನಂತರ ಜರ್ಮನರ ಜೊತೆ ಕೈಜೋಡಿಸಿದ ವಿಶಿ ಸರ್ಕಾರದ ಯುದ್ಧಮಂತ್ರಿಯೂ ಆದ.

ಆ ವಿಡಿಯೋದಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಬೇಹುಗಾತಿ ಎನಿಸಿಕೊಂಡ ನರ್ತಕಿ ಮಾತಾ ಹರಿಯ ಫೋಟೋ ಕೂಡ ತೋರಿಸಿದ್ದಾರೆ. ಆಕೆಗೆ ಗುಂಡಿಟ್ಟದ್ದು 1917ರಲ್ಲಿ ಕಣ್ರೀ! ದಯವಿಟ್ಟು ಕಾಮೆಂಟಿನಲ್ಲಿ ಯಾರೂ ಆಕೆಯನ್ನು ಮತ್ತೆ ಎಳೆದು ತರಬೇಡಿ.